ಎಡತೋಳಿನ ಗುಂಡಿ

"ಸೊಂಟದಲ್ಲೂ ಇಲ್ಲ," ಎಂದು ನಾದಿನಿ ಬಟ್ಟೆಯನ್ನು ಮತ್ತೆ ಬಕೆಟ್ಟಿಗೆ ಅದ್ದಿದಳು. ಅತ್ತಿಗೆಯ ದೇಹವನ್ನು ಒರೆಸುತ್ತಲೇ ಅವಳು ಹುಡುಕುತ್ತಿದ್ದುದು, ಬೇಯಿಸುವ ಕೋಣೆಯಲ್ಲಿದ್ದ ತಗಡಿನ ಪೆಟ್ಟಿಗೆಯ ಬೀಗದಕೈಯನ್ನು.

"ಸತ್ತೋಳ ಮೈ ತಡಕ್ತೀಯಲ್ಲೇ, ನಾಚಿಕೆ ಆಗಲ್ವಾ?" ಎಂದಳು ನೀರು ಹಿಡಿದಿದ್ದ ದರ್ಜಿಯ ಹೆಂಡತಿ. ಮರುಕ್ಷಣ ದನಿ ತಗ್ಗಿಸಿ, "ದಿಂಬಿನ ಕೆಳಗೆ ನೋಡಿದ್ಯಾ?" ಎಂದಳು.

ಗದ್ದೆಗಳಲ್ಲಿ ಸುಟ್ಟುಹಾಕುತ್ತಿದ್ದ ಹುಲ್ಲನ್ನು ಹೊತ್ತು ತಂದು, ಬಿಸಿನೀರಿನಲ್ಲಿ ಬೇಯಿಸಿ, ಅದರ ಮೇಲೆ ಅಣಬೆ ಬೆಳೆಯುವುದು ಎಂಟು ಮನೆಗಳ ಅನ್ನವಾಗಿತ್ತು. ಬೇಯಿಸುವ ಕೆಲಸವನ್ನು ಮಾತ್ರ ಅತ್ತಿಗೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನಿನ್ನೆ ಅವಳೇ ನೆನೆಹಾಕಿದ ಹುಲ್ಲು ಡ್ರಮ್ಮಿನಲ್ಲಿತ್ತು. ಇಂದು ಬೇಯದಿದ್ದರೆ ಕೊಳೆಯುತ್ತಿತ್ತು.

"ಬೇಯಿಸೋ ಗುಟ್ಟು ನಿನ್ಗಾದ್ರೂ ಹೇಳಿರ್ತಾಳೆ," ಎಂದಳು ದರ್ಜಿಯ ಹೆಂಡತಿ.

"ಹೇಳಿದ್ರೆ ಹೀಗೆ ಯಾಕೆ ಹುಡುಕ್ತಿದ್ದೆ?"

"ನಮ್ಮ ಕಣ್ಣಿಗೆ ಮಣ್ಣೆರಚೋಕೆ."

*

ಆರು ವರ್ಷಗಳಿಂದ ಕ್ರಮ ಒಂದೇ. ನೀರು ಕಾಯುತ್ತಿದ್ದಂತೆ ಅತ್ತಿಗೆ ಎಲ್ಲರನ್ನೂ ಹೊರಗೆ ಕಳಿಸಿ ಅಗಳಿ ಹಾಕಿಕೊಳ್ಳುವಳು. ಒಳಗಿನಿಂದ "ಒಂದು... ಎರಡು... ಮೂರು" ಎಂಬುದಷ್ಟೇ ಕೇಳಿಸುವುದು. ಆಮೇಲೆ ಬಾಗಿಲು ತೆರೆದು, "ಬೆಂಕಿ ತಗ್ಗಿಸ್ರೇ," ಎನ್ನುವಳು.

"ಮೂರು ಚಮಚ," ಎಂದು ದರ್ಜಿಯ ಹೆಂಡತಿ ಮೊದಲ ವರ್ಷವೇ ತೀರ್ಮಾನಿಸಿದ್ದಳು. ಯಾವ ಪುಡಿ ಎಂಬುದೊಂದೇ ತಿಳಿಯಬೇಕಿತ್ತು. ಅಣಬೆ ಬೆಳೆಯಲು ತರಬೇತಿ ಕೊಟ್ಟವರು ನೀರಿನ ಕಾವು ಅಳೆಯಲೆಂದು ಅತ್ತಿಗೆಯನ್ನು ನಂಬಿ ಕೊಟ್ಟ ಗಾಜಿನ ಥರ್ಮಾಮೀಟರೂ ಅದೇ ಪೆಟ್ಟಿಗೆಯಲ್ಲಿತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಕಳೆದ ವರ್ಷ ಅತ್ತಿಗೆಗೆ ಜ್ವರ ಬಂದಾಗ ನಾದಿನಿ ಮೂರು ಚಮಚ ಸುಣ್ಣದ ಪುಡಿ ಹಾಕಿ ತಾನೇ ಬೇಯಿಸಿದಳು. ಹತ್ತನೆಯ ದಿನ ಅರವತ್ತು ಚೀಲಗಳೂ ಹಸಿರು ಬೂಷ್ಟು ಹಿಡಿದವು. ಅತ್ತಿಗೆ ಬೈಯಲಿಲ್ಲ. ಏನೋ ಹೇಳಲು ಬಾಯಿ ತೆರೆದವಳು, ಉದ್ದ ತೋಳಿನ ರವಿಕೆಯ ಎಡತೋಳಿನ ಗುಂಡಿಯನ್ನು ಬಿಗಿಮಾಡಿಕೊಂಡು ಎದ್ದುಹೋದಳು.

*

ಆ ಗುಂಡಿಯನ್ನು ನಾದಿನಿ ಈಗ ಬಿಚ್ಚಿದಳು. ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದವಳು ಹಾಗೆಯೇ ನಿಂತಳು. ಮೊಣಕೈಯ ಚರ್ಮ ಕಪ್ಪಾಗಿ ಗಡುಸಾಗಿತ್ತು. ಹಳೆಯ ಸುಟ್ಟ ಕಲೆಗಳ ಮೇಲೆ ಹೊಸ ಕಲೆ, ಇನ್ನೂ ಕೆಂಪಗೆ.

"ಇದನ್ನೇ ಹುಡುಕ್ತಿದ್ದೀರಾ?" ಬಾಗಿಲಲ್ಲಿ ನಿಂತಿದ್ದ ಅಣ್ಣ ಬೀಗದಕೈಯನ್ನು ಚಾಚಿದ.

"ಅದು ಯಾವ ಪುಡಿ ಅಣ್ಣಾ?"

"ನನ್ನನ್ನೂ ಹೊರಗೇ ಕಳಿಸ್ತಿದ್ಳು ಕಣಮ್ಮ."

ಬೇಯಿಸುವ ಕೋಣೆಗೆ ಹೋಗಿ ತೆರೆದರೆ, ಪೆಟ್ಟಿಗೆಯಲ್ಲಿ ಪುಡಿಯಿರಲಿಲ್ಲ. ಸುಟ್ಟ ಗಾಯದ ಮುಲಾಮಿನ ಹಿಂಡಿದ ಟ್ಯೂಬುಗಳಿದ್ದವು. ಹತ್ತಿಯಲ್ಲಿ ಸುತ್ತಿಟ್ಟ ಥರ್ಮಾಮೀಟರು ಎರಡು ತುಂಡಾಗಿತ್ತು. ಒಳಗಿನ ಕೆಂಪು ದ್ರವ ಎಂದೋ ಆರಿಹೋಗಿತ್ತು.

"ಬೇರೆಲ್ಲೋ ಬಚ್ಚಿಟ್ಟಿದ್ದಾಳೆ. ನಿಮ್ಮಣ್ಣನ್ನೂ ನಂಬ್ಬೇಡ," ಎಂದು ದರ್ಜಿಯ ಹೆಂಡತಿ ಪಿಸುಗುಟ್ಟಿದಳು.

ನಾದಿನಿ ಒಲೆ ಹೊತ್ತಿಸಿದಳು. ದೇಹವನ್ನು ಎತ್ತಲು ಇನ್ನೂ ಎರಡು ಗಂಟೆಯಿತ್ತು. ಡ್ರಮ್ಮಿನಿಂದ ಹಬೆ ಏಳತೊಡಗಿದಾಗ ಕೂಡಿದ್ದ ಹೆಂಗಸರು ಅಭ್ಯಾಸಬಲದಿಂದ ಹೊರಗೆ ಹೋದರು. ಕೊನೆಯವಳಾದ ದರ್ಜಿಯ ಹೆಂಡತಿ ಬಾಗಿಲೆಳೆದಳು.

"ತೆಗೆದೇ ಇರ್ಲಿ," ಎಂದಳು ನಾದಿನಿ.

ರವಿಕೆಯ ತೋಳು ಮಡಚಿ, ಡ್ರಮ್ಮಿನ ಕಾದ ತಗಡಿಗೆ ಮೊಣಕೈ ಒತ್ತಿದಳು. "ಒಂದು... ಎರಡು... ಮೂರು... ನಾಲ್ಕು..." ಐದಕ್ಕೆ ಕೈ ತಾನಾಗಿ ಹಿಂದಕ್ಕೆ ಬಂತು.

"ನೀರು ಇನ್ನೂ ಕಾಯ್ಬೇಕು. ಮೂರಕ್ಕಿಂತ ಹೆಚ್ಚು ತಡೆಯೋಕೆ ಆಗ್ಬಾರ್ದು," ಎಂದಳು. ಅವಳ ಮೊಣಕೈ ಕೆಂಪಾಗಿತ್ತು.

ದರ್ಜಿಯ ಹೆಂಡತಿ ಮತ್ತೆ ಒಳಗೆ ಬಂದು ಒಲೆಗೆ ಇನ್ನೊಂದು ಸೌದೆ ತಳ್ಳಿ, ಡ್ರಮ್ಮಿನ ಹತ್ತಿರ ಬಂದಳು. "ಅತ್ಲಾಗೆ ಸರ್ಕೊಳ್ಳೇ. ನೀನು ಹೇಳಿದ್ದನ್ನ ಯಾರು ನಂಬ್ತಾರೆ," ಎನ್ನುತ್ತ ತನ್ನ ಎಡತೋಳಿನ ಗುಂಡಿಯನ್ನು ಬಿಚ್ಚಿದಳು.