ಬೆನ್ನ ಹಿಂದಿನ ಬಳ್ಳಿ

ಪೆರ್ನಾರ್ದೊ ಈ ಸಲವೂ ಮುಖವನ್ನು ಸಮುದ್ರದ ಕಡೆ ತಿರುಗಿಸಿಕೊಂಡೇ ತೋಟ ದಾಟಿದ. ತೋಟದ ಯಜಮಾನ ಕಸಿಯಾನೊನ ಅಕ್ಕನ ಗಂಡ, ನೆಂಟನಾಗಿ ಬಂದವನು. ಹೊಳೆಗೆ ಹೋಗುವಾಗ, ಬರುವಾಗ, ಮೂರು ದಿನದಿಂದ ಹೀಗೆಯೇ. ಪೋನಪೆ ದ್ವೀಪದಲ್ಲಿ ಮರ್ಯಾದಸ್ಥರು ಇನ್ನೊಬ್ಬರ ಹೆಗ್ಗೆಣಸಿನ ಬಳ್ಳಿಯನ್ನು ನೋಡುವುದಿಲ್ಲ. ಹಬ್ಬದ ದಿನ ನಾಲ್ಕಾಳು ಗೆಣಸನ್ನು ಹೊತ್ತು ತಂದು ದೊರೆಯ ಅಂಗಳದಲ್ಲಿ ಇಳಿಸಿದಾಗಲೇ ನೋಡಬೇಕು.

ತನ್ನ ಊರು ಮದೊಲೆನಿಮ್ ಕಡೆ ಪೆರ್ನಾರ್ದೊನಷ್ಟು ಗೆಣಸು ಬಲ್ಲವರಿಲ್ಲ. ಕಸಿಯಾನೊಗೆ ಈಗ ಬೇಕಾಗಿದ್ದದ್ದು ಅವನ ಕಣ್ಣೇ. ಎರಡು ವರ್ಷದ ಬಳ್ಳಿ, ಒಂದೇ ವಾರದಲ್ಲಿ ಎಲೆಯೆಲ್ಲ ಕಪ್ಪಾಗತೊಡಗಿತ್ತು. ಹಬ್ಬಕ್ಕೆ ಇನ್ನೂ ಆರು ವಾರ. ಈಗ ಅಗೆದರೆ ಗೆಣಸು ಸಣ್ಣದು. ಬಿಟ್ಟರೆ ಬುಡವೇ ಕೊಳೆಯುತ್ತದೋ ಏನೋ. ಹೋದ ವರ್ಷ ಕಸಿಯಾನೊ ತನ್ನ ಗೆಣಸನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಬಂದದ್ದನ್ನು ಕಂಡು ಅಂಗಳವೆಲ್ಲ ನಕ್ಕಿತ್ತು. ದೊರೆ ಬಿರುದು ಕೊಡುವುದು ದೊಡ್ಡ ಗೆಣಸು ತಂದವರಿಗೇ; ಈ ಸಲವೂ ನಕ್ಕರೆ ಅಪ್ಪನ ಬಿರುದು ಬೇರೆಯವರ ಪಾಲಾಗುತ್ತದೆ.

"ಕೇಳಿಬಿಡಿ ಅಂದ್ರೆ ಕೇಳಲ್ಲ," ಎಂದಳು ಹೆಂಡತಿ ಮೆರ್ಲೀದ, ಜೀಗುಜ್ಜೆ ಸುಡುತ್ತ. "ಮಲಗಿದ್ರೆ ಏಡಿ ಥರ ಹೊರಳಾಡ್ತೀರ. ನನಗೂ ನಿದ್ದೆಯಿಲ್ಲ."

"ಏನಂತ ಕೇಳ್ಲೇ? ನನ್ನ ಬಳ್ಳಿ ನೋಡಿ ಭಾವ ಅಂತನಾ? ಅದಕ್ಕಿಂತ ಬಟ್ಟೆ ಬಿಚ್ಚಿ ನಿಲ್ಲೋದೇ ವಾಸಿ."

"ಅದನ್ನ ನೋಡಿ ಅವರೇನು ಮಾಡ್ತಾರೆ, ಪಾಪ!"

ಮಧ್ಯಾಹ್ನ ಪೆರ್ನಾರ್ದೊ ಗಂಟು ಕಟ್ಟಿದ. ಕಡಲ ಭರತಕ್ಕೆ ದೋಣಿ ಹೊರಡುವುದಿತ್ತು.

"ಇನ್ನೂ ಹೊತ್ತಿದೆ ಭಾವ. ತೋಟದಲ್ಲಿ ಒಂದು ಎಳನೀರು ಕುಡಿದು ಹೋಗಿ."

ಕಸಿಯಾನೊ ಅವನನ್ನು ಬಳ್ಳಿಯ ಪಕ್ಕದಲ್ಲೇ ಕೂರಿಸಿದ. ಪೆರ್ನಾರ್ದೊ ಸರಕ್ಕನೆ ತಿರುಗಿ, ಬಳ್ಳಿಗೆ ಬೆನ್ನು ಮಾಡಿ ಕೂತ.

"ಈ ವರ್ಷ ಮಳೆ ಜಾಸ್ತಿ," ಎಂದ.

"ಹೂಂ ಭಾವ. ಎಲೆಗೆ ಆಗಲ್ಲ ಅದು."

"ಯಾವ ಎಲೆಗೆ?"

ಕಸಿಯಾನೊ ಕತ್ತಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ದಡದಿಂದ ದೋಣಿಯವನು ಕೂಗಿದ.

ಪೆರ್ನಾರ್ದೊ ಎಳನೀರು ಮುಗಿಸಿ ಬುರುಡೆಯನ್ನು ಕೆಳಗಿಟ್ಟ. ಏಳಲಿಲ್ಲ. ಸಮುದ್ರವನ್ನೇ ನೋಡುತ್ತ ಬಲಗೈಯನ್ನು ಬೆನ್ನ ಹಿಂದಕ್ಕೆ ಚಾಚಿದ. ಅಂಗೈ ತೆರೆದಿತ್ತು.

ಕಸಿಯಾನೊಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಒಂದು ಎಲೆ ಕಿತ್ತು ಆ ಕೈಯಲ್ಲಿಟ್ಟ. ಪೆರ್ನಾರ್ದೊ ಕಣ್ಣು ಮುಚ್ಚಿ ಅದನ್ನು ಹೆಬ್ಬೆರಳಲ್ಲಿ ಉಜ್ಜಿದ, ಮೂಸಿದ.

"ಬುಡದ್ದು ಕೊಡೋ."

ಬುಡದ ಕಾಂಡದ ಚೂರನ್ನು ಇನ್ನೂ ಹೊತ್ತು ಮೂಸಿದ.

"ಇವತ್ತೇ ಅಗಿ."

"ಸಣ್ಣದಿರುತ್ತೆ ಭಾವ. ನಗ್ತಾರೆ."

"ನಗ್ಲಿ. ಕೊಳೆತದ್ದನ್ನ ಹೊತ್ಕೊಂಡು ಹೋಗ್ತೀಯೇನೋ?"

ದೋಣಿಯವನು ಇನ್ನೊಮ್ಮೆ ಕೂಗಿದ. ಆಮೇಲೆ ಯಂತ್ರದ ಸದ್ದು ಶುರುವಾಗಿ, ದೂರವಾಯಿತು. ಪೆರ್ನಾರ್ದೊ ಕದಲಲಿಲ್ಲ. ಹಿಂದೆ ಅಗೆಯುವ ಕೋಲು ಮಣ್ಣಿಗೆ ಇಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಅದು ನಿಂತು, ಬೆರಳುಗಳಿಂದ ಮಣ್ಣು ಕೆರೆಯುವ ಸದ್ದು ಕೇಳಿತು. ಅವನು ಸಮುದ್ರದಿಂದ ಮುಖ ತಿರುಗಿಸದೆ, ಈಗ ಎರಡೂ ಕೈಗಳನ್ನು ಹಿಂದಕ್ಕೆ ಚಾಚಿದ.