ಆಯ್ತು ಅಂದಿದ್ದ ಮೆಕ್ಯಾನಿಕ್

ಇಳಿಜಾರಿನ ಮೂರನೇ ತಿರುವಿನಲ್ಲಿ ಜೀಪಿನ ಮುಂದಿನ ಎಡಚಕ್ರ ಕಟಕಟ ಎನ್ನತೊಡಗಿದಾಗ ಓಡಿಸುತ್ತಿದ್ದ ಸರ್ವೆಯರ್ ಆಕ್ಸಿಲರೇಟರಿನಿಂದ ಕಾಲೆತ್ತಿದ. ಅದೇ ಬೆಳಿಗ್ಗೆ ಗ್ಯಾರೇಜಿನಿಂದ ಬಿಡಿಸಿಕೊಂಡು ಬಂದ ಗಾಡಿ ಅದು. ಪಕ್ಕದಲ್ಲಿ ಕಣ್ಣಿನ ಡಾಕ್ಟರ ಬಳಿ ಹೊರಟ ಅಮ್ಮ. ಆಚೆ, ಅವಳ ಮಗ್ಗುಲಲ್ಲೇ, ಪ್ರಪಾತ.

"ಏನೋ ಇದು, ಗಾಡಿ ಹಲ್ಲು ಕಡೀತಿದೆ?" ಅಮ್ಮ ಕೇಳಿದಳು.

"ಕಲ್ಲು ಸಿಕ್ಕಿರ್ಬೇಕಮ್ಮ."

"ನಿನ್ನ ಮೆಕ್ಯಾನಿಕ್ ತಲೇಲಿರೋದೇ ಉದುರಿರ್ಬೇಕು ಬಿಡು."

ಅಮ್ಮನ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ನಾದಿನಿಯ ಗೊರಕೆ, ಪಕ್ಕದ ಮನೆಯವಳ ಹೊಸ ಹಲ್ಲುಸೆಟ್ಟು, ಒಂದರ ಹಿಂದೊಂದು ಬರುತ್ತಲೇ ಇದ್ದವು. ಇತ್ತ ಸ್ಟೀರಿಂಗ್ ಅದುರುತ್ತಿತ್ತು. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಚಕ್ರವೇ ಕಳಚೀತು, ಒತ್ತದಿದ್ದರೆ ಗಾಡಿ ನಿಲ್ಲದು. ಅವನು ಫಸ್ಟ್ ಗೇರಿನಲ್ಲೇ ತೆವಳಿಸಿ, ಜೀವ ಕೈಯಲ್ಲಿ ಹಿಡಿದು ನಿಲ್ಲಿಸಿದ. ಎಂಜಿನ್ ಆರಿಸಿದರೆ ಮತ್ತೆ ಶುರುವಾಗುವ ನಂಬಿಕೆ ಇರಲಿಲ್ಲ. ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿದ.

ಚಕ್ರದ ಐದು ನಟ್ಟುಗಳಲ್ಲಿ ಎರಡು ನಾಪತ್ತೆ. ಉಳಿದ ಮೂರೂ ಬೆರಳಿಗೇ ತಿರುಗಿದವು. ಅಮ್ಮನಿಗೆ ಕೇಳಿಸದಂತೆ ಗಾಡಿಯ ಹಿಂದಕ್ಕೆ ಹೋಗಿ ಫೋನ್ ಮಾಡಿದ.

"ಯಾಕ್ರೀ ಗಾಡಿ ತಗೊಂಡು ಹೋದ್ರಿ?" ಮೆಕ್ಯಾನಿಕನೇ ದಬಾಯಿಸಿದ. "ಟೀ ಕುಡಿದು ಬರೋಷ್ಟರಲ್ಲಿ ಗಾಡೀನೇ ಇಲ್ಲ."

"ನಟ್ ಬಿಗಿ ಮಾಡು ಅಂದಿದ್ದಕ್ಕೆ ಆಯ್ತು ಅಂದ್ಯಲ್ಲಯ್ಯ."

"ಆಯ್ತು ಅಂದ್ರೆ, ಆಯ್ತು ಮಾಡ್ತೀನಿ ಅಂತ. ಮುಗೀತು ಅಂತಲ್ಲ."

ಎಂಥ ಮುಠ್ಠಾಳ! ಕೈಯೊರೆಸಿಕೊಂಡು ಎದ್ದವನು ಆಯ್ತು ಎಂದರೆ ಕೇಳಿದವರು ಏನೆಂದುಕೊಳ್ಳಬೇಕು? ಬೈಗುಳ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಇನ್ನೊಂದು ಕೆಲಸ ಹೇಳಿದ್ದು ನೆನಪಾಯಿತು.

"ಹ್ಯಾಂಡ್‌ಬ್ರೇಕ್ ಕೇಬಲ್ಲು?"

"ಅದಕ್ಕೂ ಆಯ್ತು ಅಂದಿದ್ದೆ" ಎಂದಿತು ಆ ಕಡೆಯ ದನಿ, ಮೆಲ್ಲಗೆ.

ಅವನ ಕಣ್ಣೆದುರೇ ಜೀಪು ಒಂದಂಗುಲ ಸರಿಯಿತು, ಆಮೇಲೆ ಒಂದು ಗೇಣು. ಒಳಗಿನಿಂದ ಹಲ್ಲುಸೆಟ್ಟಿನ ಕಥೆ ಇನ್ನೂ ಕೇಳುತ್ತಿತ್ತು. ಫೋನ್ ಎಸೆದು, ಸಿಕ್ಕ ಕಲ್ಲುಗಳನ್ನು ಬಾಚಿಕೊಂಡು ಮುಂದಕ್ಕೆ ಓಡಿ, ಬಲಚಕ್ರದಡಿ ಒಂದನ್ನು ತುರುಕಿದ. ಅದು ಜಾರಿತು. ಇನ್ನೊಂದನ್ನು ತುರುಕಿ ಕಣ್ಣು ಮುಚ್ಚಿಕೊಂಡ. ದೇವರೇ, ಅಮ್ಮ ಒಳಗಿದ್ದಾಳೆ. ಗಾಡಿ ಒಮ್ಮೆ ಮುಗ್ಗರಿಸಿ ನಿಂತಿತು.

ಬಲಗಡೆಯ ಬಾಗಿಲು ತೆಗೆದು, ನಗುಮುಖ ಮಾಡಿಕೊಂಡು, "ಅಮ್ಮ, ಈ ಕಡೆಯಿಂದ ಇಳಿ, ಸ್ವಲ್ಪ ಕಾಲಾಡಿಸೋಣ" ಎಂದ.

"ಇಳೀತೀನಪ್ಪ. ಮೊದಲು ಈ ಕೈ ಬಿಡಿಸು."

ಎದುರಿನ ಹಿಡಿಕೆಯ ಮೇಲೆ ಅವಳ ಬೆರಳುಗಳು ಬಿಳಿಚಿಕೊಂಡು ಸೆಟೆದಿದ್ದವು. ಅವನು ಒಂದೊಂದಾಗಿ ಬಿಡಿಸಿದ.

"ಆಗಲೇ ಗೊತ್ತಾಗಿತ್ತು ಕಣೋ. ನಾನು ಸುಮ್ಮನಾದ್ರೆ ನೀನು ಹೆದರ್ತೀಯ ಅಂತ ಮಾತಾಡ್ತಾನೇ ಇದ್ದೆ."

ಅವಳನ್ನು ಎತ್ತಿ ಇಳಿಸಿ ಅವನು ರಸ್ತೆಯಲ್ಲೇ ಕುಸಿದು ಕೂತ. ಅಮ್ಮ ಪಕ್ಕದಲ್ಲಿ ಕೂತಳು. ಬೇರೊಂದು ಗಾಡಿ ಬರುವವರೆಗೂ ಅವಳು ತುಟಿಪಿಟಿಕ್ಕೆನ್ನಲಿಲ್ಲ.