ಹಡಿಯಾಕ ಅಲ್ರಿ

"ಥೂ ನಿನ್ನ! ಸಿಂಕಿನ್ಯಾಗ ಕಾರ್ತಿಯಲ್ಲ, ಅದರಾಗ ಅಕ್ಕಿ ತೊಳಿತೀವಿ! ಯಾವನ ಕೂಡ ಮಲಗಿದ್ದಿ? ಖರೆ ಹೇಳ."

ಚಂದ್ರವ್ವ ನಳದ ನೀರಿನಲ್ಲಿ ಬಾಯಿ ಮುಕ್ಕಳಿಸಿ ಸೆರಗಿನಿಂದ ಒರೆಸಿಕೊಂಡಳು. ಒಲೆಯ ಮೇಲೆ ಉಳ್ಳಾಗಡ್ಡಿ ಕರಕಾಗುತ್ತಿತ್ತು.

"ನನ್ನ ಗಂಡನ ಕೂಡರಿ ಬಾಯಾರ. ರಜಾಕ್ಕ ಊರಿಗೆ ಹೋಗಿದ್ನಲ್ರಿ. ಮತ್ತ್ಯಾರ ಕೂಡ ಮಲಗ್ಲಿ?"

"ಎದುರು ಮಾತು ಬ್ಯಾರೆ!" ಪ್ರತಿಮಾ ಮೂಗಿಗೆ ಕರ್ಚೀಫು ಹಿಡಿದುಕೊಂಡಳು.

ಮಸ್ಕತ್ತಿನ ಅಲ್ ಖುವೈರ್‌ನಲ್ಲಿ ನಾಲ್ಕನೇ ಮಹಡಿಯ ಪ್ರತಿಮಾಳ ಆ ಫ್ಲ್ಯಾಟಿಗೆ ಚಂದ್ರವ್ವ ಕೆಲಸಕ್ಕೆ ಬಂದು ಆರು ವರ್ಷ. ಮುಧೋಳದ ಕಡೆಯ ಹಳ್ಳಿಯವಳು. ಗಂಡ ಬಸವಂತ ಕಬ್ಬು ಕಡಿಯುವವನು, ಮಕ್ಕಳು ಮೂರು. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಊರಿಗೆ ಹೋಗಿಬಂದು ಹನ್ನೊಂದು ವಾರವಾಗಿತ್ತು. ಹೊಟ್ಟೆಯಲ್ಲಿದ್ದದ್ದಕ್ಕೂ ಹನ್ನೊಂದು ವಾರ.

"ಹದಿನೈದು ದಿನ ಕಳಸ್ರಿ. ಸರಕಾರಿ ದವಾಖಾನ್ಯಾಗ ತಗಿಸ್ಕೊಂಡು ಬಂದಬಿಡ್ತೀನಿ. ಇಲ್ಲೆ ಕೇಳಿದ್ರ ಜೇಲಿಗೆ ಹಾಕ್ತಾರಂತ."

"ಮುಂದಿನ ವಾರ ಅಕ್ಷಯಾ ಅಕ್ಕಾರು ಬರಾವರದಾರ. ನೂರು ಮಂದಿಗೆ ಮಿರ್ಚಿ ಭಜಿ ನಿಮ್ಮಪ್ಪ ಬಂದು ಕರೀತಾನೇನ? ಪಾಸ್‌ಪೋರ್ಟ್ ಕೊಡಂಗಿಲ್ಲ. ಹೊಟ್ಟಿ ಕಾಣೂತನಕ ದುಡಿ, ಕಂಡ ಮ್ಯಾಲೆ ವೀಸಾ ಖಲಾಸ್ ಮಾಡಿ ಕಳಸ್ತೀವಿ."

ಪ್ರತಿಮಾ ಕಂಪನಿಯೊಂದರಲ್ಲಿ ಮ್ಯಾನೇಜರು, ಊರಿನವರ ಸಂಘದಲ್ಲಿ ಮಹಿಳಾ ಘಟಕದ ಅಧ್ಯಕ್ಷೆ. ಮುಂದಿನ ತಿಂಗಳು ಊರಿನಲ್ಲಿ ಚುನಾವಣೆ. ಚಂದ್ರವ್ವನ ತಾಲೂಕಿನಿಂದ ನಿಂತ ಅಕ್ಷಯಾ ಎಂಬಾಕೆ ಗಲ್ಫಿನವರ ಬೆಂಬಲ ಕೇಳಲು ಮಸ್ಕತ್ತಿಗೆ ಬರುವವಳಿದ್ದಳು. ಅವಳ ಫೋಟೊ ಪ್ರತಿಮಾಳ ಫ್ರಿಜ್ಜಿನ ಮೇಲೂ ಅಂಟಿತ್ತು.

ಚಂದ್ರವ್ವನಿಗೆ ಬೈಗಳು ನಾಟಲಿಲ್ಲ. ನಾಟಿದ್ದು ಬೇರೆ. ಹೋದ ವರ್ಷ ಇದೇ ಅಡುಗೆಮನೆಯಲ್ಲಿ ಪ್ರತಿಮಾ ಅವಳ ಕೈ ಹಿಡಿದುಕೊಂಡು ಅತ್ತಿದ್ದಳು. "ಪ್ರಮೋಶನ್ ಬರೂ ಹೊತ್ತಿನ್ಯಾಗ ಇದೊಂದು ಬಂತಲ್ಲ ಚಂದ್ರವ್ವಾ. ಇವರಿಗೆ ಹೇಳಬ್ಯಾಡ. ಗಂಡು ಕೂಸು ಬೇಕು ಗಂಡು ಕೂಸು ಬೇಕು ಅಂತ ಕುಂತಾರ." ಗೆಳತಿಯ ಮಗಳ ನಿಶ್ಚಯವೆಂದು ಹೇಳಿ ಬೆಳಗಾವಿಗೆ ಹಾರಿ, ಐದನೇ ದಿನಕ್ಕೆ ಬಿಳಿಚಿಕೊಂಡು ಮರಳಿದಳು. ಚಂದ್ರವ್ವ ಬಾಣಂತಿಗೆ ಕೊಡುವ ಅಂಟಿನ ಉಂಡಿ ಕಟ್ಟಿ ತಿನ್ನಿಸಿದಳು, ಬಿಸಿನೀರು ಕಾಸಿದಳು, ಕಲೆಯಾದ ಹಾಸಿಗೆ ಬಟ್ಟೆ ಯಾರಿಗೂ ಕಾಣದಂತೆ ಒಗೆದಳು. ಎಂಟು ದಿನ ಪ್ರತಿಮಾ ಕದ ಮುಚ್ಚಿಕೊಂಡು ಮಲಗಿದ್ದಳು.

ಆ ಎಂಟು ದಿನದ ಮೇಲೆ ಚಂದ್ರವ್ವನಿಗೆ ಹೊಟ್ಟೆಕಿಚ್ಚು. ಪ್ರತಿಮಾಳ ಚಿನ್ನದ ಮೇಲೆ ಎಂದೂ ಇಷ್ಟು ಉರಿದಿರಲಿಲ್ಲ. ತನ್ನ ಪಾಸ್‌ಪೋರ್ಟನ್ನು ತಾನೇ ಡ್ರಾದಿಂದ ತೆಗೆದುಕೊಂಡು ಹೊರಟುಬಿಡುವ ಆ ಕೈ, ಸುಳ್ಳು ಹೇಳಿದರೂ ಮರುಪ್ರಶ್ನೆ ಕೇಳದ ಗಂಡ, ಅಳಲಿಕ್ಕೆಂದೇ ಒಂದು ಕದ! ತನಗೆ ಮಲಗಲು ಇದ್ದದ್ದು ವಾಷಿಂಗ್ ಮಷೀನಿನ ಪಕ್ಕದ ಜಾಗ. ಅದಕ್ಕೆ ಪರದೆ ಮಾತ್ರ.

ಅಕ್ಷಯಾಳ ಸಭೆಯ ದಿನ ಹೋಟೆಲಿನ ಸಭಾಂಗಣ ತುಂಬಿತ್ತು. ಚಂದ್ರವ್ವ ಭಜಿಯ ತಾಟು ಹಿಡಿದು ಸಾಲಿನಿಂದ ಸಾಲಿಗೆ ತಿರುಗಿದಳು. ಚಹಾ ಕೊಡುತ್ತಿದ್ದವಳು ವಸಂತಿ, ಬೆಳ್ತಂಗಡಿ ಕಡೆಯವಳು, ಮಸ್ಕತ್ತಿನದೇ ವಾದಿ ಅದಾಯ್ ಬಡಾವಣೆಯ ಮನೆಯೊಂದರಲ್ಲಿ ಕೆಲಸಕ್ಕಿದ್ದವಳು. ಚಂದ್ರವ್ವನ ಸಂಗತಿ ಗೊತ್ತಿದ್ದುದು ಅವಳೊಬ್ಬಳಿಗೇ.

"ಹೆಣ್ಣಿನ ಒಡಲಿನ ಮ್ಯಾಲೆ ಹೆಣ್ಣಿಗೇ ಹಕ್ಕು!" ಅಕ್ಷಯಾ ಮೈಕಿನಲ್ಲಿ ಗುಡುಗಿದಳು. "ಹಡೀಬೇಕೋ ಬ್ಯಾಡೋ, ಅದನ್ನ ಅತ್ತಿ ಹೇಳಬಾರದು, ಗಂಡ ಹೇಳಬಾರದು, ಸ್ವಾಮಿಗಳೂ ಹೇಳಬಾರದು. ನಾ ಗೆದ್ದ ಮರುದಿನ ಪ್ರತಿ ತಾಲೂಕು ಆಸ್ಪತ್ರೆಯೊಳಗ ಸುರಕ್ಷಿತ ಗರ್ಭಪಾತದ ವ್ಯವಸ್ಥೆ. ಗಲ್ಫಿನಲ್ಲಿ ದುಡಿಯುವ ನನ್ನ ತಂಗ್ಯಾರಿಗೆ ಟಿಕೆಟ್ ಸಮೇತ!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಪ್ರತಿಮಾ.

"ಹೋಗಿ ಕೇಳ್ಲೇನ?" ಚಂದ್ರವ್ವ ಪಿಸುಗುಟ್ಟಿದಳು.

"ಎಂತ ಮಾರಾಯ್ತಿ ನೀನು," ವಸಂತಿ ಚಹಾ ಬಗ್ಗಿಸುತ್ತಲೇ ಅಂದಳು. "ಓಟು ಮುಗಿಯುವವರೆಗೆ ಅಕ್ಕ. ಮತ್ತೆ ಅವರು ಯಾರೋ, ನಾವು ಯಾರೋ. ನಮ್ಮಲ್ಲಿ ಹೋದ ಸಲ ಒಬ್ಬ ಹೀಗೇ ಹೇಳಿದ್ದ. ಗೆದ್ದ ಮೇಲೆ ಆಸ್ಪತ್ರೆಯ ಗೋಡೆಗೆ ಅವನದೇ ಫೋಟೊ ಹಾಕಿಸಿದ. ಡಾಕ್ಟ್ರು ಮಾತ್ರ ಇವತ್ತಿಗೂ ಇಲ್ಲ."

ಆದರೂ ಚಂದ್ರವ್ವ ಹೋದಳು. ವೇದಿಕೆಯ ಪಕ್ಕದಲ್ಲಿ ನಿಂತು ಮೂರೇ ಮಾತಿನಲ್ಲಿ ಹೇಳಿದಳು. ಅಕ್ಷಯಾ ಅವಳ ಎರಡೂ ಕೈ ಹಿಡಿದುಕೊಂಡಳು. ಆ ಅಂಗೈ ಹಸಿ ಬೆಣ್ಣೆಯಂತಿತ್ತು. ಇಂಥ ಅಂಗೈ ಇಟ್ಟುಕೊಂಡು ಹಕ್ಕಿನ ಮಾತು ಆಡುವುದೆಷ್ಟು ಸುಲಭ ಎಂದು ಅಲ್ಲಿಯೂ ಅವಳಿಗೆ ಹೊಟ್ಟೆಕಿಚ್ಚಾಯಿತು.

"ನಮ್ಮ ತಾಲೂಕಿನ ಮಗಳು! ಲತೇಶ್, ಇವಳ ನಂಬರ್ ತಗೋ. ನಾಳೆ ಪ್ರತಿಮಾ ಅವರ ಮನಿಗೆ ನಾಷ್ಟಾಕ್ಕ ಬರ್ತೀವಲ್ಲ, ಅಲ್ಲೇ ಮುಗಿಸೂಣು."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವರು ಬಂದರು. ಉಪ್ಪಿಟ್ಟು, ಶಿರಾ ತಿಂದಾದ ಮೇಲೆ ಅಕ್ಷಯಾ ಚಂದ್ರವ್ವನನ್ನು ಕರೆದಳು. ಸೋಫಾದಲ್ಲಿ ಪ್ರತಿಮಾಳ ಗಂಡ ಶಂಕ್ರೆಪ್ಪ ಕುಳಿತಿದ್ದ. ಟೀಪಾಯಿಯ ಮೇಲೆ ಚಂದ್ರವ್ವನ ಪಾಸ್‌ಪೋರ್ಟ್ ಇತ್ತು. ಅಕ್ಕಾರು ಕೇಳಿದ್ದಕ್ಕೆ ಪ್ರತಿಮಾ ತಾನೇ ತಂದಿಟ್ಟಿದ್ದಳು.

"ಇವತ್ತ ಸಂಜೀ ಫ್ಲೈಟಿಗೆ ನಿನ್ನ ಟಿಕೆಟ್ ಮಾಡಿಸೀವಿ," ಅಂದ ಲತೇಶ್. ಅವನು ಅಕ್ಷಯಾಳ ಪ್ರಚಾರ ನೋಡಿಕೊಳ್ಳುವವನು, ಮಂಗಳೂರಿನವನಾದರೂ ಅಕ್ಕನ ಭಾಷೆ ಕಲಿತಿದ್ದ. "ಈಗ ಲೈವ್ ಹೋಗೂಣು. ಇಷ್ಟು ಹೇಳು: 'ನಾನು ಬಸುರಿ. ಪರದೇಶದಾಗ ಅನಾಥಳಾಗಿದ್ದೆ. ಅಕ್ಕಾರು ನನ್ನ ಕೂಸು ಉಳಿಸಿದ್ರು. ಹಡಿಯಾಕ ತವರಿಗೆ ಕಳಸಾಕತ್ತಾರ.' ಅಳು ಬಂದ್ರೆ ಅಳು, ಅಡ್ಡಿಯಿಲ್ಲ."

ಚಂದ್ರವ್ವ ಒಬ್ಬೊಬ್ಬರ ಮುಖ ನೋಡಿದಳು. "ಹಡಿಯಾಕ ಅಲ್ರಿ. ನಾ ತಗಿಸಾಕ ಹೊಂಟೀನಿ. ನಿನ್ನಿ ನೀವ ಹೇಳಿದ್ರಲ್ರಿ ಅಕ್ಕಾರ, ಹೆಣ್ಣಿನ ಒಡಲು ಅಂತ?"

ಅಕ್ಷಯಾ ನಕ್ಕಳು. "ಹುಚ್ಚಿ, ಅದು ಓದಿದವರ ಮುಂದ ಆಡೂ ಮಾತು. ಇದು ನಮ್ಮ ಹಳ್ಳಿ ಹಳ್ಳಿ ಗ್ರೂಪಿಗೆ ಹೋಗ್ತೈತಿ, ಮಠದ ಅಜ್ಜಾರೂ ನೋಡ್ತಾರ. ಭ್ರೂಣ ತಗಸಾಕ ಟಿಕೆಟ್ ಕೊಟ್ಲು ಅಂದ್ರ ನನ್ನ ಡಿಪಾಜಿಟ್ ಉಳಿತೈತೇನ? ನೀ ಬಾಯಿಲೆ ಹೇಳು. ಊರಿಗೆ ಹೋದ ಮ್ಯಾಲೆ ಏನರೆ ಮಾಡ್ಕೊ, ಯಾರು ನೋಡ್ತಾರ?"

"ಊರೆಲ್ಲಾ ನೋಡಿದ ಮ್ಯಾಲೆ ಹೆಂಗ ಮಾಡ್ಕೊಳ್ಳೂದ್ರಿ? ನಮ್ಮ ಅತ್ತಿ ದವಾಖಾನಿ ಬಾಗಲಾ ದಾಟಾಕ ಬಿಡ್ತಾಳ್ರಿ?"

"ಹಂಗಾರ ಹಡಿ!" ಶಂಕ್ರೆಪ್ಪ ನಡುವೆ ಬಾಯಿ ಹಾಕಿದ. "ಕೂಸು ಅಂದ್ರ ಏನ ಅಂತ ತಿಳಿದೀರಿ ನೀವು? ದೇವರು ಕೊಟ್ಟದ್ದನ್ನ ತಗಸೂ ಹೆಂಗಸು ಹೆಂಗಸಲ್ಲ, ರಾಕ್ಷಸಿ. ಹೌದಲ್ಲೇನ ಪ್ರತಿಮಾ?"

ಪ್ರತಿಮಾ ಚಹಾದ ಕಪ್ಪು ನೋಡುತ್ತ ಹೂಂಗುಟ್ಟಿದಳು. "ಹೌದ್ರಿ."

ಚಂದ್ರವ್ವ ಅವಳನ್ನೇ ದಿಟ್ಟಿಸಿದಳು. ಪ್ರತಿಮಾ ತೆಗೆಸಿಕೊಂಡೂ ಬಂದಳು, ಈಗ ತೆಗೆಸುವವಳು ರಾಕ್ಷಸಿ ಎಂದೂ ಒಪ್ಪಿದಳು. ಎರಡೂ ಅವಳಿಗೇ ದಕ್ಕಿದವು!

"ಆತು, ಚಾಲೂ ಮಾಡ್ರಿ," ಅಂದಳು.

ಲತೇಶ್ ಮೊಬೈಲು ಎತ್ತಿ ಹಿಡಿದ. ಅಕ್ಷಯಾ ಅವಳ ಹೆಗಲ ಮೇಲೆ ಕೈ ಹಾಕಿ, ಪಾಸ್‌ಪೋರ್ಟನ್ನು ಪ್ರಸಾದದಂತೆ ಅವಳ ಕೈಗಿಟ್ಟಳು.

"ಎಲ್ಲಾರ್ಗೂ ಶರಣ್ರಿ. ನಾ ಚಂದ್ರವ್ವ. ಮೂರು ಮಕ್ಕಳ ತಾಯಿ. ಈಗ ಬಸುರಿ ಅದೀನಿ." ಅವಳ ದನಿ ನಡುಗಲಿಲ್ಲ. "ಈ ಕೂಸು ನನಗ ಬ್ಯಾಡ. ನಾ ಹಡಿಯಾಕ ಅಲ್ರಿ, ತಗಿಸಾಕ ಹೊಂಟೀನಿ. ನಿನ್ನಿ ಇಲ್ಲಿ ದೊಡ್ಡ ಮಂದಿ ಮುಂದ ಅಕ್ಕಾರು ಅದಕ್ಕ ಟಿಕೆಟ್ ಕೊಡ್ತೀನಿ ಅಂದ್ರು. ಇವತ್ತ ನಿಮ್ಮ ಮುಂದ ಹಡಿಯಾಕ ಅಂತ ಹೇಳು ಅಂತಾರ. ಇಲ್ಲೊಂದು ನಾಲಿಗಿ, ನಿಮಗೊಂದು ನಾಲಿಗಿ. ಇನ್ನ ನಮ್ಮ ಬಾಯಾರು..."

ಪ್ರತಿಮಾಳ ಮುಖದಲ್ಲಿ ರಕ್ತವಿರಲಿಲ್ಲ. ಒಂದು ಮಾತು ಸಾಕಿತ್ತು. ಅದು ಚಂದ್ರವ್ವನ ನಾಲಿಗೆಯ ತುದಿಗೇ ಬಂದು ಕುಳಿತಿತ್ತು. ಆರು ವರ್ಷದ ಉರಿಯೆಲ್ಲ ಅಲ್ಲಿತ್ತು.

"...ನಮ್ಮ ಬಾಯಾರು ಪಾಸ್‌ಪೋರ್ಟ್ ಕೊಟ್ಟಾರ. ಅಷ್ಟರಿ."

ಲತೇಶ್ ಆಗ ಎಚ್ಚೆತ್ತು ಮೊಬೈಲು ಕೆಳಗಿಳಿಸಿದ.

"ಸೂಳಿಮಗಳ!" ಅಕ್ಷಯಾ ಹೆಗಲ ಮೇಲಿನ ಕೈಯಿಂದಲೇ ಅವಳನ್ನು ನೂಕಿದಳು. "ಉಣ್ಣಾಕ ಕೊಟ್ಟ ಕೈ ಕಚ್ಚತಿ? ಅದನ್ನ ಡಿಲೀಟ್ ಮಾಡೋ! ಟಿಕೆಟ್ ಕ್ಯಾನ್ಸಲ್ ಮಾಡು!"

"ಎರಡು ಸಾವಿರ ಮಂದಿ ನೋಡ್ಯಾರಕ್ಕಾ," ಲತೇಶ್ ಮೊಬೈಲು ತೋರಿಸಿದ.

ಶಂಕ್ರೆಪ್ಪ ಎದ್ದು ಅಂಗೈ ಚಾಚಿದ. "ಪಾಸ್‌ಪೋರ್ಟ್ ಇಡ ಅಲ್ಲೆ. ಇಡ್ಲಿಲ್ಲ ಅಂದ್ರ ಓಡಿ ಹೋದ್ಲು ಅಂತ ಪೊಲೀಸರಿಗೆ ಬರದ ಕೊಡ್ತೀನಿ."

ಚಂದ್ರವ್ವ ಪಾಸ್‌ಪೋರ್ಟನ್ನು ಕುಪ್ಪಸದೊಳಗೆ ಸೇರಿಸಿದಳು. "ಬರೀರಿ ಸಾಹೇಬ್ರ. ಇದು ಬೇಕಂದ್ರ ಕೈ ಹಾಕಿ ತಗೋರಿ."

ಅವನ ಕೈ ಗಾಳಿಯಲ್ಲಿಯೇ ನಿಂತಿತು. ಪ್ರತಿಮಾ ಅವನ ತೋಳು ಜಗ್ಗಿ, "ಹೋಗ್ಲಿ ಬಿಡ್ರಿ, ಹೋಗ್ಲಿ" ಎಂದು ಅಳತೊಡಗಿದಳು. ಆಮೇಲೆ ಎದ್ದು ಒಳಗೆ ಹೋದಳು. ಕದ ಮುಚ್ಚಿದ ಸದ್ದು ಕೇಳಿಸಿತು. ಚಪ್ಪಲಿ ಮೆಟ್ಟುತ್ತಿದ್ದ ಚಂದ್ರವ್ವನಿಗೆ ಆ ಸದ್ದಿನ ಮೇಲೆ ಇನ್ನೂ ಹೊಟ್ಟೆಕಿಚ್ಚಿತ್ತು.

ಕೆಳಗೆ ಬಿಸಿಲು ಮುಖಕ್ಕೆ ರಾಚಿತು. ಗಂಡ ಬಸವಂತನ ಕರೆ ಮೂರು ಸಲ ಬಂದು ನಿಂತಿತ್ತು. ನಾಲ್ಕನೆಯದು ವಸಂತಿಯದು.

"ನೋಡಿದೆ ಮಾರಾಯ್ತಿ, ನೋಡಿದೆ! ನೀನು ಏರ್‌ಪೋರ್ಟಿಗೆ ಹೋಗಿ ಕೂತ್ಕೊ. ನಾಲ್ಕು ಜನ ಸೇರಿ ಟಿಕೆಟಿಗೆ ನೋಡ್ತೇವೆ. ಆಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಅಲ್ಲಿ ಪೊಲೀಸು ಹಿಡಿದ್ರೆ..."

"ಹಿಡಿದ್ರ ಅಲ್ಲೂ ಇದನ್ನ ಹೇಳ್ತೀನಿ ತಗಿ."

ಹೆದ್ದಾರಿಯ ಅಂಚಿನಲ್ಲಿ ಒಂದು ಟ್ಯಾಕ್ಸಿ ನಿಂತಿತು. ಬಿಳಿಗಡ್ಡದ ಒಮಾನಿ ಮುದುಕ ಗಾಜು ಇಳಿಸಿದ.

"ಮತಾರ್," ಅಂದಳು ಚಂದ್ರವ್ವ. ವಿಮಾನ ನಿಲ್ದಾಣ.

ಮುದುಕ ಅವಳ ಬರಿಗೈ ನೋಡಿ ಅರೆಬರೆ ಹಿಂದಿಯಲ್ಲಿ ಕೇಳಿದ, "ಸಾಮಾನ್ ಕಿದರ್?"

"ಮಾಫಿ," ಅಂದಳು. ಇಲ್ಲ, ಏನೂ ಇಲ್ಲ. ಒಳಗೆ ಕುಳಿತು ಬಾಗಿಲನ್ನು ಜೋರಾಗಿ ಎಳೆದುಕೊಂಡಳು.